ಸ್ಕ್ಯಾನ್ ಕೆಡುವುದು ಮಷಿನ್ನಿನ ಹೊರಗೆ: ಮುಂಬಯಿ ಪಾಲಿಕೆ ಆಯುಕ್ತರಿಗೊಂದು ಬಹಿರಂಗ ಪತ್ರ

ಬೃಹನ್ಮುಂಬೈ ಮಹಾನಗರಪಾಲಿಕೆಯ ಮಾನ್ಯ ಆಯುಕ್ತರಿಗೆ, ಹಾಗೆಯೇ ಈ ನಗರದಲ್ಲಿ ಸ್ಕ್ಯಾನ್ ಸೆಂಟರ್ ನಡೆಸುವ ಎಲ್ಲರಿಗೂ,

ನಮಸ್ಕಾರ.

ಈ ಪತ್ರ ಹೊಸ ಮಷಿನ್ ಕೇಳುವುದಕ್ಕಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಸ್ಪತ್ರೆ ವಿಷಯಕ್ಕೆ ಪತ್ರ ಬಂತು ಅಂದರೆ ಬಜೆಟ್ ಇಲ್ಲ ಅನ್ನುವ ಉತ್ತರ ಸಿದ್ಧವಾಗಿಯೇ ಇರುತ್ತದೆ, ಅಲ್ವಾ? ಮಷಿನ್ನಿನ ಮಟ್ಟಿಗೆ ಮುಂಬಯಿ ಯಾವತ್ತೂ ಮುಂದೆಯೇ ಇತ್ತು. ಭಾಭಾ ಅಣು ಸಂಶೋಧನಾ ಕೇಂದ್ರದವರ ರೇಡಿಯೇಶನ್ ಮೆಡಿಸಿನ್ ಸೆಂಟರ್ 1963ರಲ್ಲೇ ಶುರುವಾಯಿತು. ದೇಶದ ಮೊದಲ ಪೆಟ್ ಸ್ಕ್ಯಾನರ್, ಅದಕ್ಕೆ ಬೇಕಾದ ಔಷಧಿ ತಯಾರಿಸುವ ಸೈಕ್ಲೊಟ್ರಾನ್ ಸಮೇತ, 2002ರಲ್ಲಿ ಬಂದದ್ದು ಪರೇಲಿನ ಆ ಸೆಂಟರಿಗೇ. ಪಕ್ಕದಲ್ಲೇ 1941ರಿಂದ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆ ಇದೆ. ಪಾಲಿಕೆಯ ಕೆಇಎಮ್ ಆಸ್ಪತ್ರೆ ಕೂಗಳತೆಯಲ್ಲಿದೆ. ಒಂದೇ ಬಡಾವಣೆಯಲ್ಲಿ ಇಷ್ಟೆಲ್ಲ ಇರುವ ಊರು ದೇಶದಲ್ಲಿ ಎಷ್ಟಿದ್ದೀತು?

ನನ್ನ ದೂರು ಬೇರೆ. ರಕ್ತದ ಕ್ಯಾನ್ಸರ್‌ನವರ ಸ್ಕ್ಯಾನ್ ಎಷ್ಟೋ ಸಲ ಮಷಿನ್ನಿನೊಳಗೆ ಹೋಗುವ ಮೊದಲೇ ಕೆಟ್ಟಿರುತ್ತದೆ. ಕೆಡಿಸುವುದು ಒಂದು ಕಪ್ ಚಹಾ, ತಪ್ಪಾದ ತಾರೀಖು, ಇಲ್ಲವೇ ಯಾರೂ ಕೊಡದ ಒಂದು ಸಿಡಿ.

ನಾನು ಪೆಟ್ ಸ್ಕ್ಯಾನ್ ವಿಭಾಗದಲ್ಲಿ ಟೆಕ್ನಾಲಜಿಸ್ಟ್ ಆಗಿ ಬಹಳ ವರ್ಷ ದುಡಿದವಳು. ಊರು ಅಂಕೋಲಾ ಕಡೆ, ಮನೆ ಡೊಂಬಿವಲಿ. ಡಾಕ್ಟರ್ ಅಲ್ಲ, ರಿಪೋರ್ಟ್ ಬರೆಯುವವರು ಬೇರೆ. ನನ್ನ ಕೆಲಸ ರೋಗಿಯನ್ನು ಕರೆದು ಕೂರಿಸಿ, ತೂಕ ನೋಡಿ, ಬೆರಳು ಚುಚ್ಚಿ ಸಕ್ಕರೆ ನೋಡಿ, ಇಂಜೆಕ್ಷನ್ ಕೊಟ್ಟು, ಆಮೇಲೆ ಮಷಿನ್ನಿನ ಮೇಲೆ ಮಲಗಿಸುವುದು. ಕನ್ನಡ ಬರುತ್ತದೆ ಅಂತ ಕನ್ನಡದವರೆಲ್ಲ ನನ್ನ ಪಾಲಿಗೇ ಬರುತ್ತಿದ್ದರು. ವಿಜಯಪುರ, ಕಲಬುರಗಿಯಿಂದ ರಾತ್ರಿ ರೈಲಿಗೆ ಬಂದವರು. ಧಾರಾವಿಯವರು. ಉಡುಪಿ ಹೋಟೆಲುಗಳ ಅಡುಗೆಯವರು, ಸಪ್ಲೈಯರುಗಳು.

ಪೆಟ್ ಸ್ಕ್ಯಾನಿನಲ್ಲಿ ಕೊಡುವುದು ಎಫ್‌ಡಿಜಿ ಅನ್ನುವ ಔಷಧಿ. ಹೆಚ್ಚುಕಡಿಮೆ ಗ್ಲುಕೋಸೇ, ಆದರೆ ಅದಕ್ಕೆ ಫ್ಲೋರಿನ್-18 ಅನ್ನುವ ವಿಕಿರಣ ಸೂಸುವ ಪರಮಾಣು ಸೇರಿಸಿರುತ್ತಾರೆ. ಲಿಂಫೋಮಾ ಅಂದರೆ ದುಗ್ಧಗ್ರಂಥಿಗಳಲ್ಲಿ ಗಂಟು ಕಟ್ಟುವ ರಕ್ತದ ಕ್ಯಾನ್ಸರ್. ಹೆಚ್ಚಿನ ಲಿಂಫೋಮಾ ಕೋಶಗಳಿಗೆ ಸಕ್ಕರೆಯ ಹಸಿವು ಜಾಸ್ತಿ. ಇದನ್ನೂ ಸಕ್ಕರೆ ಅಂದುಕೊಂಡು ಒಳಗೆ ಎಳೆದುಕೊಳ್ಳುತ್ತವೆ, ಆದರೆ ಮುಂದೆ ಜೀರ್ಣಿಸಿಕೊಳ್ಳಲು ಆಗುವುದಿಲ್ಲ. ಔಷಧಿ ಅಲ್ಲೇ ಸಿಕ್ಕಿಬೀಳುತ್ತದೆ. ಇಂಜೆಕ್ಷನ್ ಆಗಿ ಸುಮಾರು ಒಂದು ತಾಸು ಸುಮ್ನೆ ಮಲಗಿದ್ದು ಆಮೇಲೆ ಸ್ಕ್ಯಾನ್ ಮಾಡಿದರೆ ರೋಗ ಎಲ್ಲೆಲ್ಲಿದೆಯೋ ಅಲ್ಲಲ್ಲಿ ಹೊಳೆಯುತ್ತದೆ. ಸಿಟಿ ಸ್ಕ್ಯಾನ್ ಗಂಟಿನ ಗಾತ್ರ ಹೇಳುತ್ತದೆ. ಆ ಗಂಟಿನಲ್ಲಿ ರೋಗ ಇನ್ನೂ ಚುರುಕಾಗಿದೆಯೋ, ಬರೀ ಸತ್ತ ಗಾಯವೋ ಅನ್ನುವುದನ್ನು ಹೇಳುವುದು ಪೆಟ್.

ಈಗ ಇದರ ನಾಜೂಕು ನೋಡಿ. ಊಟ ಮಾಡಿದರೆ ಇನ್ಸುಲಿನ್ ಏರುತ್ತದೆ, ಇನ್ಸುಲಿನ್ ಈ ಔಷಧಿಯನ್ನು ಸ್ನಾಯುಗಳಿಗೆ ತಳ್ಳುತ್ತದೆ. ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ದರೆ ಅದು ಔಷಧಿಯ ಜೊತೆ ಪೈಪೋಟಿಗೆ ನಿಲ್ಲುತ್ತದೆ. ಎರಡರಲ್ಲೂ ರೋಗಕ್ಕೆ ಸೇರಬೇಕಾದ ಪಾಲು ಕಡಿಮೆಯಾಗುತ್ತದೆ, ಚಿತ್ರ ಮಂಕಾಗುತ್ತದೆ. ಅದಕ್ಕೇ ಕನಿಷ್ಠ 4ರಿಂದ 6 ತಾಸು ಖಾಲಿ ಹೊಟ್ಟೆ. ಸಕ್ಕರೆ 200 ದಾಟಿದರೆ ಸಾಮಾನ್ಯವಾಗಿ ಸ್ಕ್ಯಾನ್ ಮುಂದಕ್ಕೆ. ಔಷಧಿಯನ್ನು ಎತ್ತಿಟ್ಟು ನಾಳೆ ಕೊಡೋಣ ಅನ್ನುವ ಹಾಗೂ ಇಲ್ಲ. ಅದರ ಶಕ್ತಿ ಪ್ರತಿ 110 ನಿಮಿಷಕ್ಕೆ ಅರ್ಧವಾಗುತ್ತಾ ಹೋಗುತ್ತದೆ. ಬೆಳಿಗ್ಗೆ ಬಂದ ಔಷಧಿ ಸಂಜೆಗೆ ನೀರು.

ಸಿಂದಗಿ ಕಡೆಯ ಒಬ್ಬ ರೈತರು ಬಂದಿದ್ದರು. ಕುತ್ತಿಗೆಯಲ್ಲಿ ಗಂಟು, ತುಣುಕು ತೆಗೆದು ನೋಡುವ ಬಯಾಪ್ಸಿಯಲ್ಲಿ ಲಿಂಫೋಮಾ. ಜೊತೆಗೆ ಹೆಂಡತಿ. "ಏನರೆ ತಿಂದೀರೇನು?" ಅಂತ ಕೇಳಿದೆ.

"ಏನೂ ಇಲ್ರಿ ಯಕ್ಕಾ. ನಿನ್ನಿ ರಾತ್ರಿ ರೊಟ್ಟಿ ತಿಂದದ್ದ. ಟೇಶನ್ನಾಗ ಚಾ ಅಷ್ಟ ಕುಡದೀನಿ."

ಚಹಾದ ಜೊತೆ ಎರಡು ಗ್ಲುಕೋಸ್ ಬಿಸ್ಕತ್ತು ಕೂಡ ಹೋಗಿತ್ತು. ಅವರು ಸುಳ್ಳು ಹೇಳಲಿಲ್ಲ. ಚಹಾ ಬಿಸ್ಕತ್ತು ಅವರ ಲೆಕ್ಕದಲ್ಲಿ ತಿನ್ನುವುದಕ್ಕೆ ಸೇರುವುದೇ ಇಲ್ಲ. ಅಪಾಯಿಂಟ್‌ಮೆಂಟ್ ಚೀಟಿಯನ್ನು ಆ ಹೆಣ್ಣುಮಗಳು ಆಧಾರ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟಿದ್ದರು. ಚೀಟಿ ಇಂಗ್ಲಿಷಿನಲ್ಲಿತ್ತು. ಫೋನಿನಲ್ಲಿ ಯಾರೋ ಹಿಂದಿಯಲ್ಲಿ ಗಡಿಬಿಡಿಯಿಂದ ಏನೋ ಹೇಳಿದ್ದರಂತೆ. ಬೆರಳು ಚುಚ್ಚಿ ನೋಡಿದರೆ ಸಕ್ಕರೆ 200ರ ಮೇಲೆ. ಸ್ಕ್ಯಾನ್ ಆಗಲಿಲ್ಲ. ಮುಂದಿನ ತಾರೀಖಿನ ತನಕ ಎಲ್ಲಿ ಉಳಿಯುವುದು, ಊರಿನಲ್ಲಿ ಬಿಟ್ಟುಬಂದ ದನಗಳಿಗೆ ಯಾರು ಮೇವು ಹಾಕುವುದು? ಅದನ್ನೆಲ್ಲ ಆಸ್ಪತ್ರೆಯ ಯಾವ ಫಾರಂ ಕೇಳುತ್ತದೆ?

ಆಹಾರ ಒಂದೇ ಅಲ್ಲ. ಇಂಜೆಕ್ಷನ್ ಆದ ಮೇಲೆ ಮಲಗಿರುವಾಗ ಯಾರಿಗೂ ಕಾಣದ ಹಾಗೆ ಬಾಯಿಗೆ ಎಲೆಅಡಿಕೆ ಹಾಕಿಕೊಂಡವರಿದ್ದಾರೆ. ಜಗಿದರೆ ದವಡೆಯ ಸ್ನಾಯು ಔಷಧಿ ಎಳೆದುಕೊಳ್ಳುತ್ತದೆ. ಸ್ಕ್ರೀನಿನ ಮೇಲೆ ಎರಡೂ ಕೆನ್ನೆ ದೀಪದ ಹಾಗೆ ಉರಿಯುತ್ತವೆ, ಅದೂ ಗಂಟು ಹುಡುಕಬೇಕಾದ ಕುತ್ತಿಗೆಯ ಪಕ್ಕದಲ್ಲೇ. ಫೋನಿನಲ್ಲಿ ತಾಸುಗಟ್ಟಲೆ ಮಾತಾಡಿದರೆ ಗಂಟಲು ಹೊಳೆಯುತ್ತದೆ. ಹಿಂದಿನ ದಿನ ಭಾರ ಹೊತ್ತವರ ತೊಡೆ, ತೋಳು ಹೊಳೆಯಬಹುದು. ಹೋಟೆಲಿನಲ್ಲಿ ಅಕ್ಕಿಮೂಟೆ ಹೊರುವ ಹುಡುಗನಿಗೆ ಹಿಂದಿನ ದಿನ ರಜೆ ತಗೋ ಅಂತ ಯಾರು ಹೇಳಬೇಕು? ಇನ್ನು ಎಸಿ. ಚಳಿಗೆ ನಮ್ಮ ಮೈಯಲ್ಲಿ ಕಂದು ಕೊಬ್ಬು ಅನ್ನುವುದು ಕೆಲಸ ಶುರುಮಾಡುತ್ತದೆ. ಸಣಕಲು ಹುಡುಗಿಯರಲ್ಲಿ ಇದು ಜಾಸ್ತಿ. ಕುತ್ತಿಗೆ, ಕೊರಳೆಲುಬಿನ ಮೇಲ್ಭಾಗ ಎರಡೂ ಕಡೆ ಹೊಳೆದು, ರೋಗ ಹಬ್ಬಿದೆಯೋ ಅನ್ನುವ ಅನುಮಾನ ಹುಟ್ಟಿಸುತ್ತದೆ. ಒಂದು ಕಂಬಳಿ ಹೊದೆಸಿದರೆ ಮುಗಿಯುವ ಕೆಲಸ. ಆದರೂ ಎಷ್ಟೋ ಕಡೆ ಬಿಳಿ ಚಾದರ ಒಂದೇ.

ತಾರೀಖಿನ ವಿಷಯ ಇದಕ್ಕಿಂತ ದೊಡ್ಡದು. ಲಿಂಫೋಮಾದಲ್ಲಿ ಪೆಟ್ ಒಂದೇ ಸಲದ ಪರೀಕ್ಷೆಯಲ್ಲ. ಕಿಮೋ ಮೊದಲು ಒಂದು, ನಡುವೆ ಒಂದು, ಮುಗಿದ ಮೇಲೆ ಒಂದು. ಒಂದನ್ನು ಇನ್ನೊಂದರ ಪಕ್ಕ ಇಟ್ಟು ಓದಬೇಕು. 2009ರಲ್ಲಿ ಫ್ರಾನ್ಸಿನ ದೋವಿಲ್‌ನಲ್ಲಿ ತಜ್ಞರು ಸೇರಿ ಐದು ಮೆಟ್ಟಿಲಿನ ಅಳತೆ ಮಾಡಿದರು. ಗಂಟಿನ ಹೊಳಪನ್ನು ಎದೆಯ ದೊಡ್ಡ ರಕ್ತನಾಳಗಳ ಹೊಳಪಿಗೂ, ಲಿವರಿನ ಹೊಳಪಿಗೂ ಹೋಲಿಸುವುದು. ಲಿವರಿಗಿಂತ ಹೆಚ್ಚು ಹೊಳೆದರೆ 4 ಅಥವಾ 5, ಅಂದರೆ ರೋಗ ಉಳಿದಿರುವ ಸಂಶಯ. 2014ರಲ್ಲಿ ಬಂದ ಲುಗಾನೊ ವರ್ಗೀಕರಣ ಇದನ್ನೇ ಒಪ್ಪಿಕೊಂಡಿತು. ಈಗ ಜಗತ್ತಿನ ಎಲ್ಲ ಕಡೆ ಇದೇ ಭಾಷೆ.

ಇದರಿಂದ ರೋಗಿಗೆ ಸಿಗುವ ಲಾಭ ಸಣ್ಣದಲ್ಲ. ಲಿಂಫೋಮಾದ ಒಂದು ಬಗೆಯಾದ ಹಾಜ್‌ಕಿನ್ ಲಿಂಫೋಮಾಕ್ಕೆ ಎಬಿವಿಡಿ ಅನ್ನುವ ನಾಲ್ಕು ಔಷಧಿಗಳ ಕಿಮೋ ಇದೆ. ಅದರಲ್ಲಿ ಬ್ಲಿಯೋಮೈಸಿನ್ ಅನ್ನುವುದು ಶ್ವಾಸಕೋಶಕ್ಕೆ ಪೆಟ್ಟು ಕೊಡಬಲ್ಲದು. 2016ರಲ್ಲಿ ಪ್ರಕಟವಾದ ರಾಥಲ್ ಅಧ್ಯಯನ ಏನು ತೋರಿಸಿತು ಅಂದರೆ, ರೋಗ ಮುಂದುವರಿದ ಹಂತದವರಲ್ಲಿ ಕಿಮೋದ ಎರಡು ಸುತ್ತು, ಅಂದರೆ ಎರಡು ಸೈಕಲ್, ಆದ ಮೇಲಿನ ಪೆಟ್ ಸ್ವಚ್ಛ ಬಂದರೆ ಮುಂದಿನ ಸೈಕಲ್‌ಗಳಲ್ಲಿ ಬ್ಲಿಯೋಮೈಸಿನ್ ಬಿಡಬಹುದು, ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ನಷ್ಟವಿಲ್ಲ, ಶ್ವಾಸಕೋಶದ ತೊಂದರೆ ಕಡಿಮೆ. ಹಾಜ್‌ಕಿನ್‌ನಲ್ಲಿ ಪೆಟ್-ಸಿಟಿ (ಪೆಟ್, ಸಿಟಿ ಎರಡನ್ನೂ ಒಟ್ಟಿಗೆ ಮಾಡುವುದು) ಸರಿಯಾಗಿ ಆಗಿದ್ದರೆ ಸೊಂಟದ ಮೂಳೆಗೆ ಸೂಜಿ ಹಾಕಿ ಮಜ್ಜೆ ತೆಗೆಯುವ ಪರೀಕ್ಷೆಯೂ ಹೆಚ್ಚಿನವರಿಗೆ ಬೇಕಾಗುವುದಿಲ್ಲ. ಆ ಸೂಜಿ ಹಾಕಿಸಿಕೊಂಡವರನ್ನು ಕೇಳಿ, ಇದು ಎಷ್ಟು ದೊಡ್ಡ ಉಪಕಾರ ಅಂತ ಹೇಳುತ್ತಾರೆ.

ಆದರೆ ಇದೆಲ್ಲ ತಾರೀಖು ಸರಿಯಾಗಿದ್ದರೆ ಮಾತ್ರ. ನಡುವಿನ ಸ್ಕ್ಯಾನ್ ಮುಂದಿನ ಸೈಕಲ್ಲಿಗೆ ಆದಷ್ಟು ಹತ್ತಿರ ಇರಬೇಕು. ಕಿಮೋ ಮುಗಿದ ಮೇಲಿನದ್ದು 6ರಿಂದ 8 ವಾರ ಬಿಟ್ಟು, ರೇಡಿಯೇಶನ್ ಕೊಟ್ಟಿದ್ದರೆ 3 ತಿಂಗಳು ಬಿಟ್ಟು. ಬಿಳಿ ರಕ್ತಕಣ ಏರಿಸಲು ಕೊಡುವ ಇಂಜೆಕ್ಷನ್ ಇದೆಯಲ್ಲ, ಅದಾಗಿ ನಾಲ್ಕು ದಿನಕ್ಕೆ ಸ್ಕ್ಯಾನ್ ಮಾಡಿದರೆ ಮೈಯ ಮಜ್ಜೆಯೆಲ್ಲ ಒಂದೇ ಸಮ ಹೊಳೆಯುತ್ತದೆ. ನೋಡಿದವರಿಗೆ ಎದೆ ಧಸಕ್ಕನ್ನುತ್ತದೆ. ಅದು ರೋಗವಲ್ಲ, ಇಂಜೆಕ್ಷನ್ನಿನ ಪರಿಣಾಮ. ಆದರೆ ಅದರ ಕೆಳಗೆ ನಿಜವಾದ ರೋಗ ಅಡಗಿದ್ದರೆ ಕಾಣುವುದಿಲ್ಲ. ಇನ್ನೊಂದು, ಮೊದಲ ಸ್ಕ್ಯಾನಿಗೆ ಮುಂಚೆಯೇ ಊರ ಕಡೆ ಯಾರೋ ಸ್ಟೆರಾಯ್ಡ್ ಶುರು ಮಾಡಿರುತ್ತಾರೆ. ಗಂಟು ಅರ್ಧ ಕರಗಿರುತ್ತದೆ. ಹೋಲಿಸುವುದಕ್ಕೆ ಮೂಲ ಚಿತ್ರವೇ ಇಲ್ಲ. ಉಸಿರು ಕಟ್ಟುವ ತುರ್ತಿನಲ್ಲಿ ಸ್ಟೆರಾಯ್ಡ್ ಕೊಡಲೇಬೇಕಾಗುತ್ತದೆ, ಅದನ್ನು ತಪ್ಪು ಅನ್ನುವುದಿಲ್ಲ. ತುರ್ತಿಲ್ಲದಾಗ ಸ್ಕ್ಯಾನಿನ ತಾರೀಖು ದೂರ ಇದೆ ಅನ್ನುವ ಒಂದೇ ಕಾರಣಕ್ಕೆ ಹೀಗಾದರೆ ಹೊಟ್ಟೆ ಉರಿಯುತ್ತದೆ.

ನಿಮ್ಮ ಆಸ್ಪತ್ರೆಗಳ ಡಾಕ್ಟರುಗಳಿಗೆ ಇದೆಲ್ಲ ಚೆನ್ನಾಗಿ ಗೊತ್ತು. ಗೊತ್ತಿಲ್ಲದ್ದು ಅಪಾಯಿಂಟ್‌ಮೆಂಟ್ ಕೊಡುವ ಕಿಟಕಿಗೆ. ಅಲ್ಲಿ ಎಲ್ಲರೂ ಒಂದೇ ಸಾಲು, ಮೊದಲು ಬಂದವರಿಗೆ ಮೊದಲ ತಾರೀಖು. ನನ್ನ ಬೇಡಿಕೆ ಇಷ್ಟೇ: ಕಿಮೋ ಕೋಣೆಯಲ್ಲಿ ಸೈಕಲ್ಲಿನ ತಾರೀಖು ಬರೆಯುವಾಗಲೇ ಸ್ಕ್ಯಾನಿನ ತಾರೀಖೂ ಬರೆದು ಕಾದಿರಿಸಲಿ. ಹೊರಗಿನ ಸೆಂಟರಿಗೆ ಚೀಟಿ ಕೊಡುವುದಾದರೆ ಆ ಚೀಟಿಯ ಮೇಲೆ "ಈ ತಾರೀಖಿನ ಒಳಗೆ, ಈ ತಾರೀಖಿನ ಮೊದಲು ಬೇಡ" ಅಂತ ಎರಡು ಸಾಲು ಇರಲಿ.

ನಮ್ಮ ಊರಿನದ್ದೇ ಒಂದು ತೊಡಕಿದೆ, ಟಿಬಿ. ಕ್ಷಯದ ಗಂಟೂ ಪೆಟ್‌ನಲ್ಲಿ ಲಿಂಫೋಮಾದ ಹಾಗೇ ಹೊಳೆಯುತ್ತದೆ. ಜ್ವರ, ತೂಕ ಇಳಿಯುವುದು, ರಾತ್ರಿ ಬೆವರುವುದು ಎರಡಕ್ಕೂ ಸಮಾನ. ಹಾಗಾಗಿ "ಪೆಟ್‌ನಲ್ಲಿ ಹೊಳೆಯಿತು, ಕ್ಯಾನ್ಸರ್" ಅನ್ನುವವರೂ ತಪ್ಪು, ಬಯಾಪ್ಸಿ ಇಲ್ಲದೆ ತಿಂಗಳುಗಟ್ಟಲೆ ಟಿಬಿ ಮಾತ್ರೆ ನುಂಗಿಸುವವರೂ ತಪ್ಪು. ಸ್ಕ್ಯಾನ್ ಮಾಡಬಲ್ಲದ್ದು ಯಾವ ಗಂಟಿನಿಂದ ತುಣುಕು ತೆಗೆದರೆ ಉತ್ತರ ಸಿಗುವ ಸಾಧ್ಯತೆ ಜಾಸ್ತಿ ಅಂತ ತೋರಿಸುವುದು. ಉತ್ತರ ಕೊಡುವುದು ಸೂಕ್ಷ್ಮದರ್ಶಕ.

ಮಜ್ಜೆಯಲ್ಲಿ ಹುಟ್ಟಿ ರಕ್ತದಲ್ಲೇ ಹರಿಯುವ ಕ್ಯಾನ್ಸರ್ ಲ್ಯುಕೇಮಿಯಾ, ಅದರ ಮಾತು ಬೇರೆಯೇ. ಅದು ಪತ್ತೆಯಾಗುವುದು ರಕ್ತ ಪರೀಕ್ಷೆಯಲ್ಲಿ, ಮೂಳೆಮಜ್ಜೆಯಲ್ಲಿ. ಅಲ್ಲಿ ಎದೆಯ ಸಿಟಿ ಬೇಕಾಗುವುದು ಹೆಚ್ಚಾಗಿ ಕಿಮೋ ನಡುವೆ ಶ್ವಾಸಕೋಶಕ್ಕೆ ಫಂಗಸ್ ಹತ್ತಿದೆಯೋ ನೋಡಲು. ಬ್ಲಡ್ ಕ್ಯಾನ್ಸರ್ ಅಂದ ಕೂಡಲೇ ಸಾಲ ಮಾಡಿ ಪೆಟ್ ಮಾಡಿಸಲು ಓಡಬೇಡಿ ಅಂತ ಇದನ್ನು ಓದುವ ನಮ್ಮವರಿಗೆ ಹೇಳುತ್ತಿದ್ದೇನೆ, ಆಯುಕ್ತರಿಗಲ್ಲ.

ಆಯುಕ್ತರಿಗೆ ಹೇಳಬೇಕಾದ್ದು ಮಲ್ಟಿಪಲ್ ಮೈಲೋಮಾ ಬಗ್ಗೆ. ಮಜ್ಜೆಯಲ್ಲಿ ಹುಟ್ಟಿ ಮೂಳೆ ಕೊರೆಯುವ ಕ್ಯಾನ್ಸರ್ ಇದು. ಹೆಚ್ಚಾಗಿ ವಯಸ್ಸಾದವರಿಗೆ. ಸೊಂಟ ನೋವು ಅಂತ ಬರುತ್ತಾರೆ. ಎಕ್ಸ್‌ರೇ ತೆಗೆಯುತ್ತಾರೆ, ನಾರ್ಮಲ್ ಬರುತ್ತದೆ, ಮುಲಾಮು ಕೊಟ್ಟು ಕಳಿಸುತ್ತಾರೆ. ಆದರೆ ಮೂಳೆಯ ಸುಮಾರು 30 ಶೇಕಡಾ ಅಥವಾ ಅದಕ್ಕಿಂತ ಜಾಸ್ತಿ ಸವೆದ ಮೇಲೇ ಎಕ್ಸ್‌ರೇಯಲ್ಲಿ ತೂತು ಕಾಣುವುದು. ಅಷ್ಟರೊಳಗೆ ಬೆನ್ನೆಲುಬಿನ ಒಂದು ಮಣಿ ಕುಸಿದಿರಬಹುದು. ಎಷ್ಟೋ ಕಡೆ ಈಗಲೂ ತಲೆಬುರುಡೆಯಿಂದ ತೊಡೆಯ ತನಕ ಸಾಲಾಗಿ ಎಕ್ಸ್‌ರೇ ತೆಗೆದು ಇಷ್ಟು ಸಾಕು ಅನ್ನುತ್ತಾರೆ. ಅಂತರರಾಷ್ಟ್ರೀಯ ಮೈಲೋಮಾ ಕಾರ್ಯತಂಡ 2019ರ ಮಾರ್ಗಸೂಚಿಯಲ್ಲಿ ಮೂಳೆ ನೋಡಲು ಮೊದಲ ಆಯ್ಕೆಯಾಗಿ ಹೇಳಿದ್ದು ಇಡೀ ಮೈಯ ಕಡಿಮೆ ಡೋಸಿನ ಸಿಟಿಯನ್ನು. ಇದಕ್ಕೆ ಚಿತ್ರ ಸ್ಪಷ್ಟವಾಗಲು ಕೊಡುವ ಡೈ ಇಂಜೆಕ್ಷನ್ ಬೇಡ, ಹಾಗಾಗಿ ಕಿಡ್ನಿ ಸೋತವರಿಗೂ ಆಗುತ್ತದೆ. ಮೈಲೋಮಾದಲ್ಲಿ ಕಿಡ್ನಿ ಸೋಲುವುದು ಸಾಮಾನ್ಯ. ಉಪವಾಸ ಬೇಡ, ಕೆಲವೇ ನಿಮಿಷದ ಕೆಲಸ, ನೋವಿನ ಮುದುಕರನ್ನು ಹತ್ತು ಭಂಗಿಯಲ್ಲಿ ತಿರುಗಿಸುವ ಹಿಂಸೆಯೂ ಇಲ್ಲ. ಎಂಆರ್‌ಐಯಲ್ಲಿ ಮೂಳೆ ಸವೆಯುವ ಮೊದಲೇ ಮಜ್ಜೆಯ ಗಡ್ಡೆ ಕಾಣುತ್ತದೆ. ಕಾಲಿಗೆ ಶಕ್ತಿ ಕಡಿಮೆಯಾಗಿದೆ, ಮೂತ್ರ ಕಟ್ಟಿದೆ ಅಂದರೆ ಬೆನ್ನುಹುರಿಗೆ ಒತ್ತಡ ಬಿದ್ದಿರಬಹುದು. ಅವತ್ತೇ ಎಂಆರ್‌ಐ ಆಗಬೇಕು, ಮುಂದಿನ ವಾರವಲ್ಲ.

ಸಿಟಿ ಮಷಿನ್ ನಿಮ್ಮ ಕೆಇಎಮ್, ಸಾಯನ್, ನಾಯರ್ ಮೂರೂ ಆಸ್ಪತ್ರೆಗಳಲ್ಲಿ ಇದೆ. ಬೇಕಾದ್ದು ಒಂದು ಆದೇಶ: ಮೈಲೋಮಾ ಸಂಶಯವಿದ್ದರೆ ಎಕ್ಸ್‌ರೇ ನಾರ್ಮಲ್ ಅಂತ ಅಲ್ಲಿಗೇ ನಿಲ್ಲಿಸಬೇಡಿ, ಕಡಿಮೆ ಡೋಸಿನ ಸಿಟಿ ಮಾಡಿ. ರಕ್ತ ಕಡಿಮೆ, ಕಿಡ್ನಿ ರಿಪೋರ್ಟ್ ಸರಿಯಿಲ್ಲ, ಮೂಳೆ ನೋವು ಬಿಡುತ್ತಿಲ್ಲ, ಮೂರೂ ಒಬ್ಬರಲ್ಲೇ ಇದ್ದರೆ ಸಂಶಯಕ್ಕೆ ಅಷ್ಟು ಸಾಲದೇ?

ಸಿಡಿಯ ಮಾತು. ಒಂದು ಪೆಟ್-ಸಿಟಿಯಲ್ಲಿ ನೂರಾರು ಚಿತ್ರಗಳಿರುತ್ತವೆ. ರೋಗಿಯ ಕೈಗೆ ಸಿಗುವುದು ಎರಡು ಹಾಳೆ ರಿಪೋರ್ಟ್, ಜೊತೆಗೆ ಕೆಲವು ಚಿತ್ರ ಅಚ್ಚಾದ ಫಿಲ್ಮ್. ಇಡೀ ಮದುವೆಯ ಆಲ್ಬಮ್ಮಿನಿಂದ ನಾಲ್ಕು ಫೋಟೋ ಕಿತ್ತು ಕೊಟ್ಟ ಹಾಗೆ. ಮುಂದಿನ ಆಸ್ಪತ್ರೆಯವರು ಹಳೆಯ ಚಿತ್ರದ ಪಕ್ಕ ಹೊಸದನ್ನು ಇಟ್ಟು ಅಳೆಯಬೇಕಾದರೆ ಫಿಲ್ಮ್ ಉಪಯೋಗಕ್ಕೆ ಬರುವುದಿಲ್ಲ. ಎಲ್ಲ ಚಿತ್ರಗಳೂ ಇರುವ ಪೂರ್ತಿ ಕಂಪ್ಯೂಟರ್ ಫೈಲೇ, ಅಂದರೆ ಡೈಕಾಮ್ ಫೈಲೇ ಬೇಕು. ಧಾರಾವಿಯ ಒಬ್ಬ ಟೇಲರ್ ಸಿಡಿ ಕೇಳಲು ಹೋದಾಗ ಒಂದು ಸೆಂಟರಿನವರು ಬೇರೆ ದುಡ್ಡು ಕೇಳಿದರು, ಇನ್ನೊಮ್ಮೆ ಹೋದಾಗ ಡೇಟಾ ಅಳಿಸಿಹೋಗಿದೆ ಅಂದರು. ಅವರು ಮೊದಲ ಸ್ಕ್ಯಾನಿಗೆ ಹೆಂಡತಿಯ ಬಳೆ ಅಡವಿಟ್ಟಿದ್ದರು. ಆ ಹಣದಲ್ಲಿ ಅವರು ಕೊಂಡದ್ದು ಚಿತ್ರವನ್ನಲ್ಲವೇ? ಕೇಳದೇ ಕೊಡಬೇಕಾದ ವಸ್ತು ಅದು. ಸೆಂಟರ್ ನಡೆಸುವವರೇ, ಈ ಭಾಗ ನಿಮಗೆ. ರಿಪೋರ್ಟ್ ಜೊತೆ ಸಿಡಿಯೋ ಪೆನ್‌ಡ್ರೈವೋ ಕೊಡಿ. ಎಷ್ಟು ತೂಕ, ಎಷ್ಟು ಡೋಸ್, ಎಷ್ಟು ಹೊತ್ತಿಗೆ ಇಂಜೆಕ್ಷನ್, ಎಷ್ಟು ಹೊತ್ತಿಗೆ ಸ್ಕ್ಯಾನ್ ಅನ್ನುವುದನ್ನೂ ರಿಪೋರ್ಟಿನಲ್ಲಿ ಬರೆಯಿರಿ. ಸಾಧ್ಯವಾದರೆ ಎಲ್ಲ ಸ್ಕ್ಯಾನೂ ಒಂದೇ ಮಷಿನ್ನಿನಲ್ಲಿ ಆಗಲಿ.

ವಿಕಿರಣದ ಹೆದರಿಕೆಯ ಬಗ್ಗೆಯೂ ಯಾರಾದರೂ ಕೂತು ಹೇಳಬೇಕು. ಒಬ್ಬ ಅಜ್ಜಿಯನ್ನು ಮನೆಯವರು ದಿನಗಟ್ಟಲೆ ಚಾಳಿನ ಗ್ಯಾಲರಿಯಲ್ಲಿ ಮಲಗಿಸಿದ್ದರು, ತಟ್ಟೆ ಲೋಟ ಬೇರೆ. ಮೊಮ್ಮಗು ಹತ್ತಿರ ಬಂದರೆ ಗದರಿಸಿ ಓಡಿಸುತ್ತಿದ್ದರಂತೆ. 110 ನಿಮಿಷಕ್ಕೆ ಅರ್ಧವಾಗುವ ವಸ್ತು ಮರುದಿನ ಬೆಳಿಗ್ಗೆಗೆ ಇಲ್ಲವೇ ಇಲ್ಲ ಅನ್ನುವಷ್ಟಾಗಿರುತ್ತದೆ. ಅವತ್ತೊಂದು ದಿನ ಮಕ್ಕಳನ್ನು ಎತ್ತಿಕೊಳ್ಳದಿದ್ದರೆ, ಗರ್ಭಿಣಿಯರ ಪಕ್ಕ ಕೂರದಿದ್ದರೆ ಸಾಕು. ಹತ್ತಡಿ ಹನ್ನೆರಡಡಿಯ ಖೋಲಿಯಲ್ಲಿ ದೂರ ಇರುವುದು ಹೇಗೆ ಅಂತ ಕೇಳುವವರಿಗೆ ನಾನು ಹೇಳುತ್ತಿದ್ದದ್ದು, ಸಂಜೆಯ ತನಕ ಎಲ್ಲಾದರೂ ಬಯಲಲ್ಲಿ ಕೂತು, ನೀರು ಕುಡಿದು, ಮೂತ್ರಕ್ಕೆ ಹೋಗುತ್ತಾ ಇದ್ದು, ಆಮೇಲೆ ಮನೆಗೆ ಹೋಗಿ.

ಕೊನೆಯ ಬೇಡಿಕೆಗೆ ಖರ್ಚು ಕಾಗದದ್ದು ಮಾತ್ರ. ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ: ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ಕನ್ನಡ, ತಮಿಳು, ತೆಲುಗು. ಕನ್ನಡದಲ್ಲಿ ಪಾಠ ಹೇಳಿಸಬಲ್ಲ ಪಾಲಿಕೆಗೆ ಕನ್ನಡದಲ್ಲಿ ಒಂದು ಚೀಟಿ ಅಚ್ಚು ಹಾಕಿಸುವುದು ಕಷ್ಟವೇ? ಎಂಟೂ ಭಾಷೆಯಲ್ಲಿ ಬರಲಿ, ನಾನು ಬರೀ ನಮ್ಮವರಿಗೆ ಕೇಳುತ್ತಿಲ್ಲ. ಓದಲು ಬಾರದವರಿಗೆ ಹಿಂದಿನ ದಿನ ಅವರ ಭಾಷೆಯಲ್ಲೇ ಒಂದು ಫೋನ್ ಹೋಗಲಿ. ಕನ್ನಡದ ಕರಡು ನಾನೇ ಬರೆದಿದ್ದೇನೆ, ನಿಮ್ಮ ಡಾಕ್ಟರುಗಳು ನೋಡಿ ತಿದ್ದಲಿ:

"ನಾಳೆ ನಿಮ್ಮ ಪೆಟ್ ಸ್ಕ್ಯಾನ್. ಬರುವ ಮುಂಚಿನ ಆರು ತಾಸು ಏನೂ ತಿನ್ನಬೇಡಿ. ಚಹಾ, ಹಾಲು, ಬಿಸ್ಕತ್ತು, ಎಳನೀರು, ಎಲೆಅಡಿಕೆ, ಗುಟ್ಕಾ ಯಾವುದೂ ಬೇಡ. ಬರೀ ನೀರು ಕುಡಿಯಬಹುದು. ಇವತ್ತು ಭಾರ ಎತ್ತಬೇಡಿ, ಓಡಬೇಡಿ. ಸಕ್ಕರೆ ಕಾಯಿಲೆ ಇದ್ದರೆ ಮಾತ್ರೆ, ಇನ್ಸುಲಿನ್ ಯಾವಾಗ ತಗೊಳ್ಳಬೇಕು ಅಂತ ಇವತ್ತೇ ಕೇಳಿ, ನೀವಾಗಿ ಬಿಡಬೇಡಿ. ಬಸುರಿ ಇದ್ದರೆ, ಮಗುವಿಗೆ ಹಾಲು ಕುಡಿಸುತ್ತಿದ್ದರೆ ಮೊದಲೇ ಹೇಳಿ. ಕಿಮೋ ಯಾವಾಗ ಆಯಿತು, ಬಿಳಿ ಕಣದ ಇಂಜೆಕ್ಷನ್ ಯಾವಾಗ ಆಯಿತು, ಕಾಗದ ತನ್ನಿ. ಹಳೆಯ ಸ್ಕ್ಯಾನಿನ ಸಿಡಿ ತನ್ನಿ. ಬೆಚ್ಚಗಿನ ಬಟ್ಟೆ ಹಾಕಿಕೊಂಡು ಬನ್ನಿ. ಇಂಜೆಕ್ಷನ್ ಆದ ಮೇಲೆ ಒಂದು ತಾಸು ಮಾತಿಲ್ಲದೆ ಮಲಗಬೇಕು. ಹೇಳಿದ ಹೊತ್ತಿಗೆ ಬನ್ನಿ, ತಡವಾದರೆ ಔಷಧಿ ಉಳಿಯುವುದಿಲ್ಲ. ಬಾಯಿ ತಪ್ಪಿ ಏನಾದರೂ ತಿಂದಿದ್ದರೆ ಮುಚ್ಚಿಡಬೇಡಿ, ಯಾರೂ ಬೈಯುವುದಿಲ್ಲ."

ಕೊನೆಯ ಸಾಲನ್ನು ದಯವಿಟ್ಟು ತೆಗೆಯಬೇಡಿ. ಬೈಗುಳದ ಹೆದರಿಕೆಗೆ ಸುಳ್ಳು ಹೇಳಿ ಮಷಿನ್ ಹತ್ತಿದವರನ್ನು ನೋಡಿದ್ದೇನೆ. ಅಚ್ಚಿಗೆ ಹೋಗುವ ಮೊದಲು ಕನ್ನಡ ಪ್ರತಿ ಓದಿ ತಿದ್ದಲು ಯಾರಾದರೂ ಬೇಕಾದರೆ ಕರೆಯಿರಿ, ಬರುತ್ತೇನೆ. ಡೊಂಬಿವಲಿ ಲೋಕಲ್ಲಿನ ಗರ್ದಿ ನನಗೇನು ಹೊಸದಲ್ಲ.

ಇತಿ,
ಪೆಟ್ ಸ್ಕ್ಯಾನ್ ವಿಭಾಗದ ಒಬ್ಬ ನಿವೃತ್ತ ಟೆಕ್ನಾಲಜಿಸ್ಟ್
ಡೊಂಬಿವಲಿ